ಮಾವನ ಹೆಸರಿನ ಪ್ರಾಣಿ

ಬಿಷ್ಕೆಕ್
೯ ಫೆಬ್ರವರಿ ೧೯೯೮

ಅಸಿಲ್‌ಕಾನ್,

ನಿನ್ನ ಕಾಗದ ತಂದ ಮಿನಿಬಸ್ ಡ್ರೈವರ್ ಜೊತೆಗೆ ಒಣಮೊಸರಿನ ಕುರುತ್ ಉಂಡೆಗಳ ಚೀಲವನ್ನೂ ಕೊಟ್ಟ. ಚೀಲ ಅರ್ಧಕ್ಕೆ ಇಳಿದಿತ್ತು. ಕೇಳಿದರೆ, "ಘಾಟಿ ಮೇಲೆ ಹಿಮ ಬಿದ್ದು ಗಾಡಿ ನಿಂತುಬಿಡ್ತು ಅಕ್ಕಾ, ಬಾಯಾಡಿಸ್ದೆ ಇದ್ದಿದ್ರೆ ಹೆಪ್ಪುಗಟ್ಟಿ ಹೋಗ್ತಿದ್ದೆ" ಅಂದ. ಉಳಿದದ್ದನ್ನು ನಾನು ತಿಂದೆ. ಹಾಲಿನ ಹುಳಿ ಹದವಾಗಿದೆ. ನಿನ್ನ ಅತ್ತೆಯ ಕೈಗುಣವನ್ನು ಇದೊಂದು ವಿಷಯದಲ್ಲಿ ಒಪ್ಪುತ್ತೇನೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಇನ್‌ಸ್ಟಿಟ್ಯೂಟಿನ ಹಿಂದಿನ ಬೀದಿಯಲ್ಲಿರುವ ಭಾಷಾ ಕಾಲೇಜು ಈ ಜೂನ್‌ನಲ್ಲಿ ಹಳ್ಳಿ ಕಡೆಯ ಹುಡುಗಿಯರನ್ನು ಸೇರಿಸಿಕೊಳ್ಳುತ್ತದೆ. ಹಾಸ್ಟೆಲ್ ಇದೆ, ಊಟ ಇದೆ. ಬರವಣಿಗೆ ಪರೀಕ್ಷೆ ಇಲ್ಲ, ಮಾತಿನ ಪರೀಕ್ಷೆ ಮಾತ್ರ. ಹುಡುಗಿ ಒಳಗೆ ಹೋಗಿ ಕೂರಬೇಕು, ಅವರು ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು, ಚಿತ್ರ ತೋರಿಸಿದರೆ ಅದರ ಕಥೆ ಹೇಳಬೇಕು. ಅಲ್ಲಿನ ಕಚೇರಿಯಲ್ಲಿ ಮಾತಾಡಿ ಸಿರ್ಗಾಳ ಹೆಸರು ಬರೆಸಿದ್ದೇನೆ. ನಿನ್ನನ್ನು ಕೇಳದೆ ಬರೆಸಿದೆ, ಕೇಳಿದ್ದರೆ ನೀನು ಅತ್ತೆಯನ್ನು ಕೇಳಬೇಕು ಅನ್ನುತ್ತಿದ್ದೆ.

ನಿನ್ನ ಮಗಳಿಗೆ ಮೇ ತಿಂಗಳಿಗೆ ಶಾಲೆ ಮುಗಿಯುತ್ತದೆ. ಆಮೇಲೆ ನಿಮ್ಮೂರಲ್ಲಿ ಹದಿನೇಳರ ಹುಡುಗಿಗೆ ಏನು ಕಾದಿರುತ್ತದೆ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ತಲೆಗೆ ಸೊಸೆಯ ಬಿಳಿ ವಸ್ತ್ರ, ಕೈಗೆ ಚಹಾದ ಕೆಟಲು. ನೀನು ಇಡೀ ಕೋರ್ಸಿಗೆ ಮೊದಲನೆಯವಳಾಗಿ ಪಾಸಾಗಿ ಆ ಕೆಟಲು ಹಿಡಿದೆ. ಅವಳು ಹಿಡಿಯಬಾರದು. ನನಗೆ ಮಕ್ಕಳಿಲ್ಲ, ನನ್ನದು ಅಂತ ಇರುವುದು ಅವಳೊಬ್ಬಳೇ.

ನಿನಗೆ ಹೇಗೆ ಕಲಿಸಿದೆನೋ ಹಾಗೇ ಅವಳಿಗೆ ಕಲಿಸು. ಮೊದಲು ಕಿವಿ, ಆಮೇಲೆ ಬಾಯಿ, ಕೊನೆಗೆ ಪುಸ್ತಕ. ಕಾಗುಣಿತ ಮೊದಲು ಕಂಡರೆ ಉಚ್ಚಾರ ಕೆಡುತ್ತದೆ. ಕನ್ನಡಿ ಎದುರಿಗೆ ಕೂರಿಸು. ಹಲ್ಲಿನ ನಡುವೆ ನಾಲಿಗೆ ತುದಿ ಹೊರಗೆ ಬರಲಿ, ಎಲ್ಲರಿಗೂ ಕಾಣುವ ಹಾಗೆ ಬರಲಿ. ತುಟಿಯನ್ನು ದುಂಡಗೆ ಮಾಡಿ ಊದುವ ಅಕ್ಷರವನ್ನೂ ಹಲ್ಲು ತುಟಿಗೆ ತಾಗುವ ಅಕ್ಷರವನ್ನೂ ಬೇರೆ ಬೇರೆ ಅಭ್ಯಾಸ ಮಾಡಿಸು. ಪದವನ್ನು ಒಂಟಿಯಾಗಿ ಕೊಡಬೇಡ, ವಾಕ್ಯದಲ್ಲಿ ಕೊಡು. ಕೈಗೆ ಸಿಗುವ ವಸ್ತುವಾದರೆ ಅವಳ ಕೈಯಲ್ಲಿ ಇಟ್ಟು ಕೊಡು.

ಉತ್ತರ ಬೇಗ ಬರೆ. ಅದೇ ಡ್ರೈವರ್ ಕೈಯಲ್ಲಿ ತಿನ್ನುವ ಪದಾರ್ಥ ಕಳಿಸಬೇಡ.

ನಿನ್ನ ಅಕ್ಕ
ರೈಕಾನ್

---

ಆತ್‌ಬಾಷಿ
೧ ಮಾರ್ಚ್ ೧೯೯೮

ಅಕ್ಕ,

ನಿನ್ನ ಕಾಗದವನ್ನು ದನದ ಕೊಟ್ಟಿಗೆಯಲ್ಲಿ ನಿಂತು ಓದಿದೆ.  ಸಿರ್ಗಾಗೆ ಹೇಳಿದಾಗ ಅವಳು ಹಾಲಿನ ಬಕೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಕರೆದಳು. ಆವತ್ತು ಹಸುವಿನ ಹತ್ತಿರವೂ ಇಂಗ್ಲಿಷಿನಲ್ಲೇ ಮಾತಾಡಿದಳು.

ಪಾಠ ಶುರುವಾಗಿದೆ. ಮಧ್ಯಾಹ್ನ ನಾನು ಹಿಟ್ಟು ನಾದುವಾಗ ಅವಳು ಎದುರಿಗೆ ಕೂರುತ್ತಾಳೆ. ಅತ್ತೆ ಒಲೆ ಪಕ್ಕ ಉಣ್ಣೆ ನೂಲುತ್ತಿರುತ್ತಾರೆ. ಮಾವ ಗೋಡೆಗೆ ಒರಗಿ ಕೂತಿರುತ್ತಾರೆ, ಅವರಿಗೆ ಈಗ ಕಿವಿ ಮಂದ. ನಾಲಿಗೆ ಹೊರಗೆ ಹಾಕು ಅಂತ ನೀನು ಬಿಷ್ಕೆಕ್‌ನಲ್ಲಿ ಕೂತು ಬರೆಯುತ್ತೀಯ. ಮಾವನ ಎದುರಿಗೆ ನಾಲಿಗೆ ಚಾಚುವ ಸೊಸೆಯನ್ನು ಈ ಊರು ಕಂಡಿಲ್ಲ. ಹಾಗಾಗಿ ನಾನು ಆ ಅಕ್ಷರ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ. ನಾನು ಇಂಗ್ಲಿಷ್ ಕಲಿಸುವ ಶಾಲೆಯಲ್ಲೂ ಹಾಗೇ ಮಾಡಬೇಕು, ಹೆಡ್‌ಮಾಸ್ಟರ್ ನನ್ನ ಭಾವ ಅನ್ನುವುದನ್ನು ನೀನು ಮರೆಯುತ್ತೀಯ. ಅವರು ಯಾವಾಗ ಬಾಗಿಲಲ್ಲಿ ಬಂದು ನಿಲ್ಲುತ್ತಾರೋ ಹೇಳಲಾಗದು. ನನ್ನ ತರಗತಿಯ ಮಕ್ಕಳೆಲ್ಲ ಆ ಅಕ್ಷರಕ್ಕೆ ಕೈ ಅಡ್ಡ ಹಿಡಿದೇ ಕಲಿತಿದ್ದಾರೆ. ಸದ್ದು ಮಾತ್ರ ಸರಿಯಾಗಿದೆ, ಅದರ ಬಗ್ಗೆ ಚಿಂತೆ ಬೇಡ.

ಇನ್ನೊಂದು ಸಂಗತಿ ನಡೆದಿದೆ. ನಿನಗೆ ಸಿಟ್ಟು ಬರುತ್ತದೆ, ಆದರೂ ಬರೆಯುತ್ತೇನೆ.

ಮಾವನ ಹೆಸರನ್ನಾಗಲಿ, ಆ ಹೆಸರಿನೊಳಗೆ ಇರುವ ಪದವನ್ನಾಗಲಿ ಮದುವೆಯಾದ ದಿನದಿಂದ ನಾನು ಬಾಯಿಗೆ ತಂದಿಲ್ಲ. ಭಾವನದೂ ಹಾಗೆ, ತೀರಿಹೋದ ದೊಡ್ಡ ಮಾವನದೂ ಹಾಗೆ. ಬರೆಯುವುದಕ್ಕೂ ಕೈ ಏಳುವುದಿಲ್ಲ. ಕುರಿ ಹಿಡಿಯಲು ಬರುವ ಆ ಪ್ರಾಣಿಯನ್ನು 'ಊಳಿಡುವುದು' ಅನ್ನುತ್ತೇನೆ. ಎಲ್ಲ ಸೊಸೆಯರೂ ಹೀಗೇ ಏನಾದರೊಂದು ಅನ್ನುತ್ತಾರೆ. ಆದರೆ ಇಂಗ್ಲಿಷಿನಲ್ಲಿ ನಾನು ಎಲ್ಲವನ್ನೂ ಅನ್ನುತ್ತಿದ್ದೆ ಅಕ್ಕ. ತರಗತಿಯ ಬಾಗಿಲು ಹಾಕಿಕೊಂಡು ಆ ಪದಗಳನ್ನು ಗಟ್ಟಿಯಾಗಿ ಹೇಳಿಸುತ್ತಿದ್ದೆ, ಪಾಠದಲ್ಲಿ ಇಲ್ಲದಿದ್ದರೂ ಹೇಳಿಸುತ್ತಿದ್ದೆ. ನನಗೆ ಅದು ಎಷ್ಟು ಖುಷಿ ಕೊಡುತ್ತಿತ್ತು ಅಂತ ಯಾರಿಗೂ ಹೇಳಿರಲಿಲ್ಲ.

ಮೊನ್ನೆ ತುಟಿ ದುಂಡಗೆ ಮಾಡುವ ಪದಗಳಿಗೆ ಬಂದೆವು. ಅದರಲ್ಲಿ ಊಳಿಡುವುದರ ಹೆಸರೂ ಬಂತು. ನಾನು ಹೇಳಿದೆ, ಸಿರ್ಗಾ ಹೇಳಿದಳು, ಮತ್ತೆ ನಾನು, ಮತ್ತೆ ಅವಳು. ಅತ್ತೆ ನೂಲುವುದನ್ನು ನಿಲ್ಲಿಸಿದರು.

"ಏನೇ ಅದು, ತಾಯಿ ಮಗಳು ಇಷ್ಟೊಂದ್ಸಲ ಹೇಳ್ತಿದ್ದೀರಲ್ಲ?"

ಸಿರ್ಗಾ ನಮ್ಮ ಭಾಷೆಯಲ್ಲಿ ಅರ್ಥ ಹೇಳಿಬಿಟ್ಟಳು. ಅವಳು ಮೊಮ್ಮಗಳು, ಅವಳು ಹೇಳಬಹುದು. ಅತ್ತೆ ನನ್ನ ಕಡೆ ತಿರುಗಿದರು. ಗದರಲಿಲ್ಲ. "ನಾನ್ ಈ ಮನೆಗೆ ಬಂದು ಎಷ್ಟು ವರ್ಷ ಆಯ್ತು ಅಂತ ನಿಂಗೊತ್ತು. ಒಂದ್ಸಲನಾದ್ರೂ ನನ್ ಬಾಯಲ್ಲಿ ಬಂದಿದೆಯಾ? ನೀನು ಅವ್ರ ಮುಂದೇನೇ ಕೂತು ಹಾಡ್ತಾ ಇದ್ದೀಯ" ಅಂದರು.

"ಅದು ಬೇರೆ ಭಾಷೆ ಅತ್ತೆ" ಅಂದೆ.

"ಭಾಷೆ ಬದಲಾಯ್ಸಿದ್ರೆ ಮಾವ ಬದಲಾಗ್ತಾರೇನೇ?"

ಮತ್ತೆ ಹಿಟ್ಟು ನಾದತೊಡಗಿದೆ. ನಿನಗಾದರೂ ಉತ್ತರ ಹೊಳೆಯುತ್ತಿತ್ತೋ ಏನೋ. ನ್ಯುಮೋನಿಯಾ ಬಂದು ನಾನು ಮಲಗಿದ್ದಾಗ ಚಮಚದಲ್ಲಿ ಸಾರು ಕುಡಿಸಿದವರು ಅತ್ತೆ, ನೀನಲ್ಲ. ಆವತ್ತಿನಿಂದ ಇಂಗ್ಲಿಷಿನಲ್ಲೂ ಸುತ್ತಿ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಊಳಿಡುವುದಕ್ಕೆ 'ಹೌಲರ್' ಅನ್ನುತ್ತೇನೆ. ಅರ್ಥ ಕೆಡುವುದಿಲ್ಲ.

ಶಾಲೆಗೆ ಹೋಗುವ ಖುಷಿ ಮಾತ್ರ ಹೋಯಿತು.

ನಿನ್ನ
ಅಸಿಲ್‌ಕಾನ್

---

ಬಿಷ್ಕೆಕ್
೨೦ ಮಾರ್ಚ್ ೧೯೯೮

ಅಸಿಲ್‌ಕಾನ್,

ತೋಳ. ತೋಳ. ತೋಳ. ನೋಡು, ಬರೆದೆ. ಸೂರು ತಲೆ ಮೇಲೆ ಬೀಳಲಿಲ್ಲ.

ನಿನ್ನ ಮಾವ ಬೊರೂಬಾಯ್, ಅವನ ಹೆಸರಲ್ಲಿ ತೋಳ ಇದೆ. ನಿನ್ನ ಭಾವ ತಾಷ್ತಾನ್, ಅವನ ಹೆಸರಲ್ಲಿ ಕಲ್ಲು. ಸತ್ತುಹೋದ ಜುಮಾಬೆಕ್ ಹೆಸರಲ್ಲಿ ಶುಕ್ರವಾರ. ಒಂದು ಮನೆಯ ಗಂಡಸರು ಸೇರಿಕೊಂಡು ನಿನ್ನಿಂದ ಒಂದು ಪ್ರಾಣಿ, ಅರ್ಧ ಬೆಟ್ಟ, ವಾರದಲ್ಲಿ ಒಂದು ದಿನ ಕಿತ್ತುಕೊಂಡಿದ್ದಾರೆ. ನೀನು ಕೊಟ್ಟು ಕೂತಿದ್ದೀಯ. ಆದರೂ ಇಷ್ಟು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ. ನಮ್ಮ ಅಮ್ಮನೂ ಹೀಗೇ ಬಾಳಿದಳು, ಅವಳು ಚಾಕುವನ್ನು ಚಾಕು ಅಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ನಿನ್ನ ನಾಲಿಗೆ ನಿನ್ನದು, ಬೇಕಾದರೆ ಗಂಟು ಹಾಕಿಕೊ.

ಸಿರ್ಗಾಳ ನಾಲಿಗೆ ನಿನ್ನದಲ್ಲ. ಅವಳು ಆ ಮನೆಯ ಸೊಸೆಯಲ್ಲ, ಮೊಮ್ಮಗಳು. ಅಜ್ಜನನ್ನು ಹೆಸರು ಹಿಡಿದು ಕೂಗಿದರೂ ಯಾರೂ ಏನೂ ಅನ್ನುವ ಹಾಗಿಲ್ಲ. ಅವಳಿಗೆ ಹೌಲರ್ ಪೌಲರ್ ಅಂತ ಕಲಿಸಿದರೆ ನಾನೇ ಘಾಟಿ ಹತ್ತಿ ಬರುತ್ತೇನೆ. ನಿನ್ನ ಅತ್ತೆಗೆ ಅಷ್ಟು ಕಷ್ಟವಾದರೆ ಕೊಟ್ಟಿಗೆಯಲ್ಲಿ ಕೂತು ಕಲಿಸು. ಹಸು ಚಾಡಿ ಹೇಳುವುದಿಲ್ಲ.

ಇಲ್ಲಿ ಪರೀಕ್ಷೆಗೆ ಲಂಡನ್ ಕಡೆಯ ಒಬ್ಬ ಹುಡುಗ ಮೇಷ್ಟ್ರು ಬಂದು ಕೂರುತ್ತಾನಂತೆ. ಅವನ ಮುಂದೆ ನನ್ನ ತಂಗಿಯ ಮಗಳು ಬಾಯಿಗೆ ಕೈ ಅಡ್ಡ ಹಿಡಿದರೆ ನಾನು ಇನ್‌ಸ್ಟಿಟ್ಯೂಟಿನಲ್ಲಿ ಯಾವ ಮುಖ ಇಟ್ಟುಕೊಂಡು ಓಡಾಡಲಿ? ಉಚ್ಚಾರ ಕಲಿಸುವುದೇ ನನ್ನ ಕೆಲಸ ಅನ್ನುವುದನ್ನು ಮರೆಯಬೇಡ.

ನಾಳೆ ನೂರುಜ್. ಹಬ್ಬ ಚೆನ್ನಾಗಿ ಮಾಡಿ. ಸಿರ್ಗಾಗೆ ನನ್ನ ಮುತ್ತು.

ರೈಕಾನ್

---

ಆತ್‌ಬಾಷಿ
೨೮ ಏಪ್ರಿಲ್ ೧೯೯೮

ಅಕ್ಕ,

ತಡವಾಯಿತು. ಕುರಿ ಮರಿ ಹಾಕುವ ಕಾಲ, ಮನೆಯಲ್ಲಿ ಯಾರಿಗೂ ಕೂರಲು ಪುರುಸೊತ್ತಿಲ್ಲ. ಒಲೆ ಪಕ್ಕ ಎರಡು ಬಡಕಲು ಮರಿಗಳನ್ನು ಮಲಗಿಸಿಕೊಂಡಿದ್ದೇವೆ. ಅವುಗಳ ಅರಚಾಟದ ನಡುವೆ ಪಾಠ.

ಎಲ್ಲ ಸರಿಯಾಗಿ ನಡೆಯುತ್ತಿದೆ. ಸಿರ್ಗಾ ಮಾತಾಡುವುದನ್ನು ಕೇಳಿದರೆ ನಿನಗೇ ಆಶ್ಚರ್ಯವಾಗುತ್ತದೆ. ನಾನು ಒಂದು ಸಲ ಹೇಳಿದ್ದು ಅವಳ ಬಾಯಲ್ಲಿ ನನಗಿಂತ ಚೆನ್ನಾಗಿ ಬರುತ್ತದೆ. ಪಕ್ಕದ ಮನೆಯವರು ಬೇಲಿ ಹತ್ತಿರ ನಿಂತು ಕೇಳುತ್ತಾರೆ. "ರೇಡಿಯೋ ಹಾಕಿದ್ದೀರಾ ಅಂತ ಬಂದ್ವಿ" ಅನ್ನುತ್ತಾರೆ. ಮಾವ ಕೂಡ ತಲೆ ಆಡಿಸುತ್ತಾರೆ, ಏನು ಕೇಳಿಸುತ್ತದೋ ದೇವರೇ ಬಲ್ಲ.

ಒಂದು ದಿನ ಅವಳು ಪುಸ್ತಕ ತೆರೆದುಕೊಂಡು ಬಂದು, "ಅಮ್ಮಾ, ಇದ್ರಲ್ಲಿ ಒಂದು ಪದ ಇದೆ, ನೀನು ಇನ್ನೊಂದು ಹೇಳ್ತೀಯ, ಯಾಕೆ?" ಅಂತ ಕೇಳಿದಳು. ಅತ್ತೆ ಅಲ್ಲೇ ಇದ್ದರು. ಏನೋ ಒಂದು ಹೇಳಿ ಸಮಾಧಾನ ಮಾಡಿದೆ. ಜಾಣೆ, ಅರ್ಥ ಮಾಡಿಕೊಂಡಳು.

ನಿನಗೆ ತಿಳಿಸಬೇಕಾದ ಮುಖ್ಯ ವಿಷಯ ಬೇರೆ ಇದೆ. ಕಾರಾಸೂ ಕಡೆಯಿಂದ ಒಂದು ಮನೆಯವರು ಸಿರ್ಗಾಳ ಕಿವಿಗೆ ಓಲೆ ಹಾಕಿ ಮದುವೆ ನಿಶ್ಚಯಿಸಲು ಬರುತ್ತೇವೆ ಅಂತ ಹೇಳಿಕಳಿಸಿದ್ದಾರೆ. ಒಳ್ಳೆಯ ಜನ, ಕುದುರೆ ಇಟ್ಟಿದ್ದಾರೆ. ಹುಡುಗನನ್ನು ಅವಳು ಒಂದು ಮದುವೆಯಲ್ಲಿ ದೂರದಿಂದ ನೋಡಿದ್ದಾಳೆ ಅಷ್ಟೇ. ನನ್ನ ಗಂಡ, ಅಮ್ಮ ಹೇಳಿದ ಹಾಗೆ ಆಗಲಿ ಅಂದ. ಅತ್ತೆ ಅಂದರು: "ಪರೀಕ್ಷೆ ಆಗ್ಲಿ. ಪಾಸಾದ್ರೆ ಪಟ್ಟಣಕ್ಕೆ ಹೋಗ್ಲಿ, ನಾನೇನು ಅಡ್ಡ ಬರಲ್ಲ. ಆಗ್ಲಿಲ್ಲ ಅಂದ್ರೆ ಬಂದೋರನ್ನ ಇನ್ನೊಂದ್ಸಲ ವಾಪಸ್ ಕಳ್ಸೋಕಾಗಲ್ಲ, ನೋಡು."

ಅವರ ಮಾತು ನ್ಯಾಯವಾಗಿಯೇ ಇದೆ. ಇಡೀ ಓಣಿಯ ಎದುರಿಗೆ ಹೇಳಿದ್ದಾರೆ, ತಪ್ಪುವವರಲ್ಲ. ಎಲ್ಲ ಆ ಒಂದು ದಿನದ ಮೇಲೆ ನಿಂತಿದೆ. ಸಿರ್ಗಾ ಈಗ ನಿದ್ದೆಯಲ್ಲೂ ತುಟಿ ಆಡಿಸುತ್ತಾಳೆ.

ಜೂನ್ ಹತ್ತಕ್ಕೆ ಅವಳನ್ನು ಬಸ್ ಹತ್ತಿಸುತ್ತೇನೆ. ನನಗೆ ಬರಲು ಆಗುವುದಿಲ್ಲ, ಅಷ್ಟು ಹೊತ್ತಿಗೆ ಮಂದೆಯ ಜೊತೆ ಬೆಟ್ಟದ ಹುಲ್ಲುಗಾವಲಿಗೆ ಹೋಗಬೇಕು. ನೀನು ಇರುತ್ತೀಯಲ್ಲ ಅನ್ನುವ ಧೈರ್ಯ.

ಅಸಿಲ್‌ಕಾನ್

---

ಬಿಷ್ಕೆಕ್
೧೪ ಜೂನ್ ೧೯೯೮

ಅಸಿಲ್‌ಕಾನ್,

ನಿನ್ನ ಮಗಳನ್ನು ಇವತ್ತು ಬಸ್ ಹತ್ತಿಸಿದ್ದೇನೆ. ಈ ಕಾಗದ ಅವಳ ನಂತರ ತಲುಪುತ್ತದೆ. ಅವಳಿಂದ ನಿನಗೆ ಎಷ್ಟು ಗೊತ್ತಾಗುತ್ತದೋ ತಿಳಿಯದು. ಹಾಗಾಗಿ ನಾನೇ ಬರೆಯುತ್ತೇನೆ.

ಒಳಗೆ ಮೂವರಿದ್ದರು. ಪ್ರಿನ್ಸಿಪಾಲ್ ಲಾರಿಸಾ ಅರ್ಕಾದ್ಯೆವ್ನಾ, ಆ ಲಂಡನ್ ಹುಡುಗ, ಮತ್ತು ಭಾಷಾಶಾಸ್ತ್ರದ ಒಬ್ಬ ಮುದುಕ ಪ್ರೊಫೆಸರ್, ನಮ್ಮವನೇ, ಎದೆಯ ತನಕ ಬಿಳಿ ಗಡ್ಡ. ಸೆಕೆ ಅಂತ ಬಾಗಿಲನ್ನು ಅರ್ಧ ತೆರೆದಿದ್ದರು. ನಾನು ಕಾರಿಡಾರಿನಲ್ಲಿದ್ದೆ, ಎಲ್ಲ ಕೇಳಿಸುತ್ತಿತ್ತು.

ಶುರುವಿನಲ್ಲಿ ನನಗೆ ಕಣ್ಣು ತುಂಬಿ ಬಂತು. ಏನು ದನಿ ಅವಳದು. ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಕೊನೆಯ ವರ್ಷದವರೂ ಹಾಗೆ ಉಚ್ಚರಿಸುವುದಿಲ್ಲ. ಆಮೇಲೆ ಲಂಡನ್ ಹುಡುಗ, ಹಲ್ಲು ನೋವಾ ಅಂತ ಕೇಳಿದ. ಬಗ್ಗಿ ನೋಡಿದೆ. ನಿನ್ನ ಮಗಳು ಮಾತು ಮಾತಿಗೂ ಬಾಯಿಗೆ ಕೈ ಹಿಡಿಯುತ್ತಿದ್ದಳು. ಬೇಡ ಬೇಡ ಅಂತ ಬರೆದಿದ್ದೆ.

ಆಮೇಲೆ ಚಿತ್ರ ತೋರಿಸಿದರು. ಇದಕ್ಕಿಂತ ಸುಲಭದ ಚಿತ್ರ ಇಲ್ಲ. ಕುರಿ ಮಂದೆಗೆ ತೋಳ ನುಗ್ಗಿದೆ, ಕುರುಬ ಕಲ್ಲೆತ್ತಿದ್ದಾನೆ. ಬೆಟ್ಟದಲ್ಲಿ ಹುಟ್ಟಿದವಳಿಗೆ ಅಂಥದ್ದೇ ಸಿಕ್ಕಿತಲ್ಲ ಅಂತ ನಾನು ಹಿಗ್ಗಿದೆ. ಅವಳು ಹೇಳಿದ್ದು: ಊಳಿಡುವುದು ಬಂತು, ಕುರುಬ ನೆಲದ ಗಟ್ಟಿಯಾದದ್ದನ್ನು ಎತ್ತಿಕೊಂಡ. ಲಾರಿಸಾ ಅರ್ಕಾದ್ಯೆವ್ನಾ ಚಿತ್ರದ ಮೇಲೆ ಬೆರಳಿಟ್ಟು, ಈ ಪ್ರಾಣಿ ಯಾವುದು ಅಂತ ಕೇಳಿದರು. ಹೌಲರ್ ಅಂದಳು. ಮತ್ತೆ ಕೇಳಿದರು. ತಲೆ ತಗ್ಗಿಸಿಕೊಂಡು ಮತ್ತೆ ಅದನ್ನೇ ಅಂದಳು. ಯಾವ ದಿನ ಊರಿಂದ ಹೊರಟೆ ಅಂತ ಕೇಳಿದರೆ, ಮಸೀದಿಯ ದಿನಕ್ಕೆ ಎರಡು ದಿನ ಮುಂಚೆ ಅಂದಳು.

ಮುದುಕನಿಗೆ ಮೊದಲು ಹೊಳೆಯಿತು. ಅವನು ಕಣ್ಣೀರು ಬರುವ ಹಾಗೆ ನಕ್ಕ. ರಷ್ಯನ್ ಭಾಷೆಯಲ್ಲಿ ಉಳಿದವರಿಗೆ ಹೇಳಿದ, "ಇದು ಹಳ್ಳಿ ಸೊಸೆಯರ ಮಾತು. ಯಾರೋ ಅದನ್ನ ಇಂಗ್ಲಿಷ್‌ಗೆ ತಂದ್ಬಿಟ್ಟಿದ್ದಾರೆ. ನಾನು ಇಷ್ಟು ವರ್ಷದಲ್ಲಿ ಇಂಥದ್ದು ಕೇಳಿರ್ಲಿಲ್ಲ." ಎಲ್ಲರೂ ನಕ್ಕರು. ಅವನು ಅವಳ ಬಾಯಿಂದ ಇನ್ನೂ ನಾಲ್ಕಾರು ಪದ ಹೇಳಿಸಿ ಬರೆದುಕೊಂಡ. ಕೊನೆಗೆ ಲಾರಿಸಾ ಅರ್ಕಾದ್ಯೆವ್ನಾ ಕೊಟ್ಟ ತೀರ್ಪು: "ಉಚ್ಚಾರ ತುಂಬಾ ಚೆನ್ನಾಗಿದೆ. ಪದಗಳೇ ಇಲ್ಲ."

ಏನು ಹೇಳಿ ಸಮಾಧಾನ ಮಾಡಿದೆ ನೀನು ಅವಳಿಗೆ, ಏಪ್ರಿಲ್‌ನಲ್ಲಿ?

ರೈಕಾನ್

---

ಬೆಟ್ಟದ ಮೇಲಿಂದ
೮ ಜುಲೈ ೧೯೯೮

ಅಕ್ಕ,

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಪುಸ್ತಕದಲ್ಲಿರುವುದು ಒರಟರ ಮಾತು, ನಾನು ಹೇಳುವುದು ಮರ್ಯಾದಸ್ಥರ ಮಾತು ಅಂತ ಹೇಳಿದೆ. ಅತ್ತೆ ಕೂತಿದ್ದಾಗ ಇನ್ನೇನು ಹೇಳಲಿ? ಕೊಟ್ಟಿಗೆಯಲ್ಲಿ ಕಲಿಸು ಅಂತ ಬರೆದೆ ನೀನು. ಕೊಟ್ಟಿಗೆಗೂ ಹೋದೆ. ಅಲ್ಲಿ ಯಾರೂ ಇರಲಿಲ್ಲ, ಆದರೂ ಆ ಪದ ನನ್ನ ಗಂಟಲಲ್ಲೇ ನಿಂತುಬಿಟ್ಟಿತು. ಬಾಗಿಲು ಹಾಕಿದ ತರಗತಿಯಲ್ಲಿ ಸಲೀಸಾಗಿ ಬರುತ್ತಿದ್ದದ್ದು ಬರಲಿಲ್ಲ. ಹಾಗೆ ಆಗುತ್ತದೆ. ನೀನು ಯಾರ ಮನೆಯಲ್ಲೂ ಸೊಸೆಯಾಗಿ ಬಾಳಲಿಲ್ಲ, ನಿನಗೆ ಅರ್ಥವಾಗುವುದಿಲ್ಲ.

ಪುಸ್ತಕದ ಪದ ಅವಳಿಗೆ ಗೊತ್ತಿತ್ತು. ಎಲ್ಲ ಪದಗಳೂ ಗೊತ್ತಿದ್ದವು. ಬಿಳಿ ಗಡ್ಡದ ಹಿರಿಯರೊಬ್ಬರು ಎದುರಿಗೆ ಕೂತಿದ್ದಾರೆ ಅಂತ ಮರ್ಯಾದೆಯ ಮಾತು ಆಡಿದಳು. ಅವರು ಮತ್ತೆ ಮತ್ತೆ ಕೇಳಿದಷ್ಟೂ ತನ್ನನ್ನು ಪರೀಕ್ಷಿಸುತ್ತಿದ್ದಾರೆ, ಒರಟು ಮಾತು ಬಾಯಿಂದ ಬೀಳುತ್ತದೋ ಇಲ್ಲವೋ ನೋಡುತ್ತಿದ್ದಾರೆ ಅಂದುಕೊಂಡಳು. ಅದಕ್ಕೇ ಗಟ್ಟಿಯಾಗಿ ನಿಂತಳು. ಆ ಮುದುಕ ನಮ್ಮವನು ಅಂತ ನೀನೇ ಬರೆದಿದ್ದೀಯ. ಅವನಿಗೆ ಅರ್ಥವಾಯಿತು. ಅರ್ಥವಾಗದೆ ನಕ್ಕವರನ್ನು ನಾನು ಕ್ಷಮಿಸುತ್ತೇನೆ, ಅವನನ್ನು ಕ್ಷಮಿಸುವುದಿಲ್ಲ.

ಮೊದಲು ಕಿವಿ, ಕೊನೆಗೆ ಪುಸ್ತಕ ಅಂದವಳು ನೀನು. ನನ್ನ ಬಾಯಲ್ಲಿ ಇದ್ದದ್ದೇ ಅವಳ ಕಿವಿಗೆ ಹೋಯಿತು. ಈಗ ನಿನ್ನ ಪಾಠದ ಕ್ರಮ ಸರಿ, ನನ್ನ ಬಾಯಿ ತಪ್ಪು ಅನ್ನುತ್ತೀಯ.

ಬಸ್ ನಿಲ್ದಾಣದಲ್ಲಿ ನೀನು ಅವಳಿಗೆ ಏನಂದೆ ಅಂತ ಹೇಳಿದ್ದಾಳೆ. "ನಿಮ್ಮಮ್ಮನ ಹಾಗೆ ನೀನೂ ಚಹಾ ಹಾಕೋಕೇ ಹುಟ್ಟಿದ್ದು" ಅಂದೆಯಂತೆ. ಅಷ್ಟು ಜನ ಓಡಾಡುವ ಜಾಗದಲ್ಲಿ ಅಂದೆಯಂತೆ. ಅವಳು ಇದನ್ನು ಹೇಳಿದಾಗ ಅಳಲಿಲ್ಲ. ಮೊಸರು ಕಡೆಯುತ್ತ ಹೇಳಿದಳು.

ಕಾರಾಸೂ ಮನೆಯವರು ಮುಂದಿನ ವಾರ ಓಲೆ ತರುತ್ತಾರೆ. ಅತ್ತೆ ಮಾತಿಗೆ ತಪ್ಪಲಿಲ್ಲ.

ಅಸಿಲ್‌ಕಾನ್

---

ಆತ್‌ಬಾಷಿ
೨೩ ಆಗಸ್ಟ್ ೧೯೯೮

ದೊಡ್ಡಮ್ಮನವರಿಗೆ,

ಸಿರ್ಗಾಳ ನಮಸ್ಕಾರಗಳು. ನಾವು ಬೆಟ್ಟದಿಂದ ಇಳಿದಿದ್ದೇವೆ. ಎಲ್ಲರೂ ಆರೋಗ್ಯವಾಗಿದ್ದೇವೆ, ಅಜ್ಜನಿಗೆ ಸ್ವಲ್ಪ ಕೆಮ್ಮು ಇದೆ.

ನೀವು ಅಮ್ಮನಿಗೆ ಬರೆದ ಕಾಗದವನ್ನು ನಾನು ಓದಿದೆ. ಅಮ್ಮನೇ ಕೊಟ್ಟಳು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಮನೆಯಲ್ಲಿ ನನಗೆ ಮಂಚ ಕೊಟ್ಟು ನೀವು ನೆಲದ ಮೇಲೆ ಮಲಗಿದಿರಿ. ಅದನ್ನು ಮರೆಯುವುದಿಲ್ಲ.

ಒಂದು ಮಾತು ಮಾತ್ರ ಆ ಕಾಗದದಲ್ಲಿ ಇಲ್ಲ, ಅದನ್ನು ಬರೆಯುತ್ತೇನೆ. ಎಲ್ಲರೂ ನಕ್ಕ ಮೇಲೆ ಪ್ರಿನ್ಸಿಪಾಲ್ ಮೇಡಂ ನನ್ನ ಹತ್ತಿರ, "ನಿನ್ ಜೊತೆ ಯಾರಮ್ಮ ಬಂದಿದ್ದಾರೆ?" ಅಂತ ಕೇಳಿದರು. ದೊಡ್ಡಮ್ಮ ಅಂದೆ. ಅವರು ಬಾಗಿಲ ಕಡೆ ತಿರುಗಿ ಕರೆದರು, ಎರಡು ಸಲ ಕರೆದರು. ಯಾರೂ ಬರಲಿಲ್ಲ. ಬಾಗಿಲ ಸಂದಿನಲ್ಲಿ ನಿಮ್ಮ ಕಂದು ಬೂಟು ನನಗೆ ಕಾಣುತ್ತಿತ್ತು. ಅದು ಮೆಲ್ಲಗೆ ಹಿಂದಕ್ಕೆ ಸರಿಯಿತು. ನೀವು ಒಳಗೆ ಬಂದು ಒಂದು ಸಲ ಹೇಳಿದ್ದರೆ ನಾನು ಎಲ್ಲ ಪದಗಳನ್ನೂ ಅವರಿಗೆ ಬೇಕಾದ ಹಾಗೆ ಹೇಳುತ್ತಿದ್ದೆ. ನನಗೆ ಬರುತ್ತಿದ್ದವು.

'ಇವಳು ನನ್ನ ತಂಗಿಯ ಮಗಳು' ಅಂತ ಅವರ ಮುಂದೆ ಹೇಳಲು ನಿಮಗೆ ಕಷ್ಟವಾಯಿತು ಅಂತ ನನಗೆ ಅರ್ಥವಾಗುತ್ತದೆ.

ಅಕ್ಟೋಬರ್‌ನಲ್ಲಿ ಮದುವೆ. ಯಾರೂ ಬಲವಂತ ಮಾಡಲಿಲ್ಲ, ಅಜ್ಜಿ ಕೇಳಿದರು, ನಾನು ಹೂಂ ಅಂದೆ. ಬೇಡ ಅನ್ನುವುದಕ್ಕೆ ಎಲ್ಲಿಗಾದರೂ ಹೋಗುವ ಜಾಗ ಇರಬೇಕಲ್ಲ. ನೀವು ಬನ್ನಿ.

ಸಿರ್ಗಾ

---

ಬಿಷ್ಕೆಕ್
೬ ಸೆಪ್ಟೆಂಬರ್ ೧೯೯೮

ಸಿರ್ಗಾ, ಕಂದ,

ನನ್ನ ಮನೆ ಇದೆ. ಹೋಗುವ ಜಾಗ ಇಲ್ಲ ಅನ್ನಬೇಡ. ಇವತ್ತೇ ಬಸ್ ಹತ್ತು. ಚಳಿಗಾಲವೆಲ್ಲ ನಾನೇ ಕೂರಿಸಿಕೊಂಡು ಓದಿಸುತ್ತೇನೆ, ಮುಂದಿನ ಜೂನ್‌ನಲ್ಲಿ ಮತ್ತೆ ಪರೀಕ್ಷೆ ಇದೆ, ಬೇರೆ ಕಾಲೇಜುಗಳೂ ಇವೆ. ಈ ಸಲ ನಾನು ಒಳಗೇ ಬಂದು ನಿನ್ನ ಪಕ್ಕ ಕೂರುತ್ತೇನೆ, ಬೇಡ ಅಂದವರ ಹತ್ತಿರ ಜಗಳ ಮಾಡುತ್ತೇನೆ.

ಓಲೆ ವಾಪಸ್ ಕೊಟ್ಟರೆ ಲೋಕ ಮುಳುಗುವುದಿಲ್ಲ. ನಿಮ್ಮಜ್ಜಿ ನಾಲ್ಕು ದಿನ ಮಾತು ಬಿಡಬಹುದು, ಬಿಡಲಿ.

ಬಸ್ ನಿಲ್ದಾಣದಲ್ಲಿ ಅಂದದ್ದು ನನ್ನ ಮಾತಲ್ಲ, ನನ್ನ ಸಿಟ್ಟಿನ ಮಾತು. ಆ ಬೂಟು ಹಿಂದಕ್ಕೆ ಸರಿದದ್ದು ನಿಜ.

ಬಾ. ಡ್ರೈವರಿಗೆ ಹೇಳಿದ್ದೇನೆ, ಮುಂದಿನ ಸೀಟು ಇಟ್ಟಿರುತ್ತಾನೆ.

ದೊಡ್ಡಮ್ಮ

---

ಬಿಷ್ಕೆಕ್
೩೦ ಸೆಪ್ಟೆಂಬರ್ ೧೯೯೮

ಅಸಿಲ್‌ಕಾನ್,

ಡ್ರೈವರ್ ಪ್ರತಿ ವಾರ ಬರುತ್ತಾನೆ, ಸೀಟು ಖಾಲಿ ಬರುತ್ತದೆ. ನನ್ನ ಕಾಗದ ಅವಳಿಗೆ ಕೊಟ್ಟೆಯಾ? ಒಂದೇ ಒಂದು ಸಾಲು ಬರೆ.

ರೈಕಾನ್

---

ಆತ್‌ಬಾಷಿ
೧೯ ನವೆಂಬರ್ ೧೯೯೮

ಅಕ್ಕ,

ನಿನ್ನ ಕಾಗದವನ್ನು ಅವಳಿಗೆ ಕೊಟ್ಟಿದ್ದೆ. ಅನುಮಾನ ಬೇಡ, ಒಡೆಯದೆ ಕೊಟ್ಟಿದ್ದೆ. ಓದಿದಳು, ಮಡಚಿದಳು, "ದೊಡ್ಡಮ್ಮ ಒಳ್ಳೆಯೋರು" ಅಂದಳು, ಹೊಲಿಯುತ್ತಿದ್ದ ಹೊದಿಕೆಯನ್ನು ಮತ್ತೆ ಕೈಗೆ ತೆಗೆದುಕೊಂಡಳು. 'ಹೋಗು ತಾಯಿ' ಅಂತ ನಾನು ಬಾಯಿ ಬಿಟ್ಟು ಹೇಳಿದೆ, ಅತ್ತೆಯ ಎದುರಿಗೇ ಹೇಳಿದೆ. ಅವಳು ನನ್ನನ್ನು ನೋಡಿ, "ಹೋಗಿ ಬಂದಿದ್ದೀನಲ್ಲಮ್ಮ" ಅಂದಳು. 

ಮದುವೆಗೆ ನೀನು ಬರಲಿಲ್ಲ. ನಿನ್ನ ಪಾಲಿನ ಜಾಗ ಖಾಲಿ ಬಿಟ್ಟಿದ್ದೆವು.

ಕಳೆದ ವಾರ ಮೊದಲ ಸಲ ಬೀಗರ ಮನೆಗೆ ಹೋದೆ. ಅವಳ ಮಾವನ ಹೆಸರು ಬಾಲ್ತಾಬಾಯ್, ಅದರಲ್ಲಿ ಕೊಡಲಿ ಇದೆ. ದೊಡ್ಡ ಮಾವ ತೆಮಿರ್, ಅಂದರೆ ಕಬ್ಬಿಣ. ಅವೆಲ್ಲ ನನಗೆ ಬಾಯಲ್ಲಿ ಆಡಲು ಅಡ್ಡಿಯಿಲ್ಲದ ಪದಗಳು, ಆದರೆ ಅವಳಿಗೆ ಅಡ್ಡಿ. ನಾನು ಹೋದಾಗ ಓಣಿಯ ಹೆಂಗಸರೆಲ್ಲ ಸೇರಿದ್ದರು. ಹೊಸ ಸೊಸೆಯ ಬಾಯಿ ಜಾರಿಸುವ ಆಟ ನಡೆಯುತ್ತಿತ್ತು, ನಮ್ಮ ಕಾಲದಲ್ಲಿ ನನಗೂ ಮಾಡಿದ್ದರು. ನಾನಂತೂ ಮೊದಲ ಪ್ರಶ್ನೆಗೇ ಬಿದ್ದಿದ್ದೆ, ಆ ನಗು ಎಷ್ಟೋ ತಿಂಗಳು ನನ್ನ ಬೆನ್ನು ಬಿಡಲಿಲ್ಲ.

"ಏನಮ್ಮ ಸೊಸೆ, ನಿನ್ ಗಂಡ ಸೌದೆನ ಹಲ್ಲಲ್ಲಿ ಕಚ್ಚಿ ಸೀಳ್ತಾನಾ?" ಅಂತ ಒಬ್ಬಳು ಕೇಳಿದಳು.

"ಇಲ್ಲ ಅಕ್ಕ, ಹಿಡಿ ಇರೋ ಹರಿತದಲ್ಲಿ" ಅಂದಳು ಸಿರ್ಗಾ.

"ಕುದುರೆ ಕಾಲಿಗೆ ಏನು ಹೊಡ್ಸಿದ್ದೀರಿ?"

"ಕುಲುಮೆಯಲ್ಲಿ ಕೆಂಪಾಗೋದನ್ನ."

"ಒಲೆ ಯಾವುದ್ರಿಂದ ಮಾಡಿದ್ದು? ಬಾಗಿಲ ಅಗುಳಿ? ಬಕೆಟ್ಟು?" ಅಂತ ಸುತ್ತಲಿಂದ ಒಬ್ಬೊಬ್ಬರೂ ಎಸೆದರು. ಅವಳು ಚಹಾ ಹಾಕುತ್ತಲೇ ಒಂದೊಂದಕ್ಕೂ ಉತ್ತರ ಕೊಟ್ಟಳು. ತಡವರಿಸಲಿಲ್ಲ, ಒಂದು ಸಲ ಅಂದದ್ದನ್ನು ಇನ್ನೊಂದು ಸಲ ಅನ್ನಲಿಲ್ಲ, ಪ್ರತಿಯೊಂದಕ್ಕೂ ಹೊಸ ಮಾತು. ಒಂದು ಬಟ್ಟಲಿಂದಲೂ ಚಹಾ ಚೆಲ್ಲಲಿಲ್ಲ. ಕೇಳುವವರೇ ಸೋತು ಸುಮ್ಮನಾದರು.

ಅವಳ ಅತ್ತೆಗೆ ಹೆಮ್ಮೆ ತಡೆಯಲಾಗಲಿಲ್ಲ. "ಇಷ್ಟು ಚೆಂದವಾಗಿ ಯಾರಮ್ಮ ಕಲಿಸಿದ್ದು ನಿನ್ಗೆ? ಮದ್ವೆಯಾಗಿ ತಿಂಗಳೂ ಆಗ್ಲಿಲ್ಲ" ಅಂದರು.

ಸಿರ್ಗಾ ನನ್ನ ಕಡೆ ನೋಡಲಿಲ್ಲ. "ನಮ್ಮಮ್ಮ" ಅಂದಳು. "ಅವ್ರು ಇಂಗ್ಲಿಷ್ ಟೀಚರ್."

ಹೆಂಗಸರೆಲ್ಲ ನನ್ನ ಕಡೆ ತಿರುಗಿ ಹೊಗಳಿದರು. ಓದಿದವರ ಮನೆಯ ಹೆಣ್ಣು ಅಂದರೆ ಹೀಗಿರಬೇಕು ಅಂದರು. ತಮ್ಮ ಹೆಣ್ಣುಮಕ್ಕಳನ್ನೂ ನನ್ನ ಹತ್ತಿರ ಪಾಠಕ್ಕೆ ಕಳಿಸುತ್ತೇವೆ ಅಂದರು. ಬೀಗಿತ್ತಿ ಕುರಿಯ ಒಳ್ಳೆಯ ತುಂಡನ್ನು ಆರಿಸಿ ನನ್ನ ತಟ್ಟೆಗೆ ಹಾಕಿದರು. ನಾನು ತಿಂದೆ, ಅಕ್ಕ.

ಅಸಿಲ್‌ಕಾನ್